ಬೀದಿಗೊಂದೇ ಫ್ರಿಜ್ಜು

ಹನುಮಂತರಾಯನ ಮೈಯಲ್ಲಿ ರಕ್ತ ಏರಲಿಲ್ಲ. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ.

ಕಿಡ್ನಿ ಕೆಟ್ಟವರಿಗೆ ರಕ್ತ ತಾನಾಗಿ ಊರುವುದಿಲ್ಲವಂತೆ. ಅದಕ್ಕೇ ವಾರವಾರ ಇಂಜೆಕ್ಷನ್. ತುಮಕೂರಿನ ಡಾಕ್ಟರು ಔಷಧಿ ಏರಿಸಿದರು, ಮತ್ತೂ ಏರಿಸಿದರು. ಸುಳಿ ಕೊಳೆತ ತೆಂಗಿನ ಮರಕ್ಕೆ ಗೊಬ್ಬರ ಸುರಿದ ಹಾಗಾಯಿತು.

ಆವತ್ತು ಬೆಳಿಗ್ಗೆ ಡಾಕ್ಟರು ಥರ್ಮಕೋಲ್ ಡಬ್ಬವೊಂದನ್ನು ಮುಂದಿಟ್ಟರು.

"ಇದೇ ಕೊನೇದು. ಇದಕ್ಕೂ ಏರಲಿಲ್ಲ ಅಂದ್ರೆ ನಿಮ್ಮ ಮೈ ಈ ಔಷಧಿಗೆ ಬಗ್ಗಲ್ಲ ಅಂತ್ಲೇ. ಬೇರೆಯವರ ರಕ್ತ ಹಾಕ್ಬೇಕು. ಹಾಕಿದ್ರೆ ನಿಮ್ಮಕ್ಕನ ಕಿಡ್ನಿ ನಿಮಗೆ ಒಗ್ಗದೆ ಹೋಗ್ಬಹುದು."

ಅಕ್ಕ ಮಂಜಮ್ಮ ಕಿಡ್ನಿ ಕೊಡ್ತೀನಿ ಅಂದು ಗಂಡನ ಮನೆಯವರ ಬಾಯಿಗೆಲ್ಲ ಬಿದ್ದಿದ್ದಳು. ಅದೂ ದಕ್ಕದಿದ್ದರೆ ಇನ್ನೇನಿದೆ? ಬಿಸಿಯೂ ತಾಗಬಾರದು, ಐಸಾಗಿ ಗಡ್ಡೆಯೂ ಕಟ್ಟಬಾರದು, ಎರಡರಲ್ಲಿ ಯಾವುದಾದರೂ ಔಷಧಿ ಸತ್ತಂತೆ ಎಂದ ಡಾಕ್ಟರು, ಫ್ರಿಜ್ಜಿದೆಯಾ ಅಂತ ಕೇಳಿದರು. ಇದೆ ಅಂದ. ಬೀದಿಗೊಂದೇ ಇದ್ದರೂ ಇದೆ ತಾನೆ.

ತನ್ನೂರು ಹೊನ್ನವಳ್ಳಿಯಲ್ಲಿ ಬಸ್ಸಿಳಿದರೆ ಕಟ್ಟೆ ಮೇಲೆ ಬಿಟ್ಟಿ ಡಾಕ್ಟರುಗಳ ಆಸ್ಪತ್ರೆಯೇ ಕಾದಿತ್ತು. ಹುಚ್ಚಕ್ಕ ದೃಷ್ಟಿ ತಾಗಿದೆ ಅಂದಳು. ಬೀಡಿ ಸೇದುತ್ತಿದ್ದ ದುರ್ಗಯ್ಯ, ದಿನಾ ಎರಡು ಎಳನೀರು ಕುಡಿ ಅಂದ. ಅದು ಕಿಡ್ನಿಯವರಿಗೆ ವಿಷ ಅಂದಿದ್ದಾರೆ ಅಂದರೆ ಕೇಳುವವನಾ.

"ಎಳನೀರು ವಿಷಾನ? ನಿನ್ ಮೈಯೂ ನಿನ್ನಂಗೇ ಮೊಂಡು ಕಣ್ಲಾ. ಯಾರು ಹೇಳಿದ್ರೂ ಕೇಳಾಕಿಲ್ಲ."

ಫ್ರಿಜ್ಜಿದ್ದದ್ದು ಕೊಬ್ಬರಿ ವ್ಯಾಪಾರದ ಗುರುಸಿದ್ದಮ್ಮನ ಮನೆಯಲ್ಲಿ. ಸೊಸೆ ತವರಿಂದ ತಂದದ್ದು; ತಲೆಗೆ ಕ್ರೋಶಾ ಬಟ್ಟೆ ಹೊದ್ದು ಪಡಸಾಲೆಯಲ್ಲಿ ಮದುಮಗಳ ಹಾಗೆ ನಿಂತಿತ್ತು. ಹನುಮಂತರಾಯ ಜಗುಲಿ ದಾಟಿದವನಲ್ಲ. ದಾಟು ಅಂದವರೂ ಇಲ್ಲ. ಔಷಧಿ ಕೊಡುವುದು, ಈಸಿಕೊಳ್ಳುವುದು ಎಲ್ಲ ಬಾಗಿಲಲ್ಲೇ.

ಆವತ್ತು ಡಬ್ಬ ಕೊಟ್ಟವನಿಗೆ ಕಣ್ಣು ಕತ್ತಲೆ ಬಂತು, ಹೊಸ್ತಿಲ ಮೇಲೇ ಬಿದ್ದ. ಎತ್ತಿಕೊಂಡು ಹೋಗಿ ಪಡಸಾಲೆಯಲ್ಲಿ ಮಲಗಿಸಿದರು. ಕಣ್ಣು ಬಿಟ್ಟಾಗ ಮೂಗಿನ ಮುಂದೆ ಫ್ರಿಜ್ಜಿನ ವಯರು. ಹಾವಿನ ಹಾಗೆ ಸುತ್ತಿ ಗಂಟು ಹಾಕಿತ್ತು. ಪ್ಲಗ್ಗಿಗೆ ಜೇಡ ಬಲೆ ಕಟ್ಟಿತ್ತು. ಅದರ ತೆರೆದ ಬಾಗಿಲೊಳಗೆ ರೇಷ್ಮೆ ಸೀರೆ, ಚಟ್ನಿಪುಡಿ, ಅವುಗಳ ನಡುವೆ ಅವನ ಕೊನೇ ಔಷಧಿ.

"ಅಮ್ಮಾರೇ, ಇದಕ್ಕೆ ಕರೆಂಟೇ ಇಲ್ವಲ್ಲ."

"ನೆಂಟ್ರು ಬಂದಾಗ ಹಾಕ್ತೀವಿ ಕಣಪ್ಪ. ದಿನಾ ಹಾಕಿದ್ರೆ ಕೆಟ್ಟೋಗಲ್ವಾ?"

ಅಷ್ಟು ದಿನ ಅವನು ಚುಚ್ಚಿಸಿಕೊಂಡದ್ದು ಸೀರೆಯ ಸೆಕೆಯಲ್ಲಿ ಬೆಂದ ನೀರು. ಹೊಡೆಯಬೇಕು ಅನ್ನಿಸಿತು, ಕೈ ಎತ್ತಲು ರಕ್ತವೆಲ್ಲಿ? ಆಮೇಲೆ ಅಳು ಬಂತು, ಅದರ ಹಿಂದೆಯೇ ನಗು. ಮೈ ಮೊಂಡಲ್ಲ. ಮೈಯದು ಏನೂ ತಪ್ಪಿಲ್ಲ. ಔಷಧಿ ತಣ್ಣಗಿರಬೇಕು ಅಂತ ಶುರುಮಾಡಿದ. ಮುಂದಿನ ಮಾತಿಗೆ ಗುರುಸಿದ್ದಮ್ಮ ಬಿಡಲಿಲ್ಲ. ಕೆನ್ನೆ ಕೆನ್ನೆ ಬಡಿದುಕೊಂಡು, ಜೇಡನ ಬಲೆ ಒರೆಸಿ, ತಾನೇ ಪ್ಲಗ್ಗು ಹಾಕಿದಳು. ಫ್ರಿಜ್ಜು ಗುರ್ರ್ ಅಂತು. ಎಷ್ಟೋ ತಿಂಗಳ ಮೇಲೆ ಹನುಮಂತರಾಯ ಆ ರಾತ್ರಿ ತನ್ನ ಹಟ್ಟಿಯಲ್ಲಿ ನೆಮ್ಮದಿಯಾಗಿ ಮಲಗಿದ.

ಬೆಳಿಗ್ಗೆ ಇಂಜೆಕ್ಷನ್ ಚುಚ್ಚುವ ನರ್ಸಮ್ಮ ಬಂದು ಕೂತಳು. ಹಿಂದೆಯೇ ಗುರುಸಿದ್ದಮ್ಮ. ಅವನ ಹಟ್ಟಿಗೆ ಮೊದಲ ಸಲ, ಸೆರಗಿನಲ್ಲಿ ಡಬ್ಬ ಹಿಡಿದು, ತಪ್ಪು ತಿದ್ದಿಕೊಂಡವರ ಮುಖದಲ್ಲಿ.

"ನಿನ್ ರಕ್ತ ಇನ್ ಏರ್ದೆ ಎಲ್ಲೋಗುತ್ತೆ ನೋಡ್ತೀನಿ. ರಾತ್ರಿಯೆಲ್ಲ ಮೇಲಿನ ಐಸ್ ಖಾನೇಲೇ ಇಟ್ಟಿದ್ದೆ ಕಣಪ್ಪ."

ನರ್ಸಮ್ಮ ಒಂದೊಂದೇ ಸೀಸೆ ಎತ್ತಿ ಅಲ್ಲಾಡಿಸಿದಳು. ಒಂದರೊಳಗೂ ಔಷಧಿ ಅಲ್ಲಾಡಲಿಲ್ಲ.