ಗೋದಡಿಯಲ್ಲಿ ನನ್ನದೊಂದು ಸಾಲು

ಕೆಲವರಿಗೆ ಕೈಕೆಲಸ ಹುಟ್ಟಿನಿಂದಲೇ ಬರುತ್ತದೆ, ಕೆಲವರಿಗೆ ಕಲಿತರೆ ಬರುತ್ತದೆ, ನನಗೆ ಕಾಯಿಲೆ ಬಿದ್ದರೂ ಬರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನನ್ನ ಬೆರಳುಗಳು ನನ್ನ ಮಾತು ಕೇಳುವುದಿಲ್ಲ ಎಂಬುದು ಮದುವೆಯ ಹೊಸತರಲ್ಲೇ ಹೆಂಡತಿಗೆ ತಿಳಿದುಹೋಗಿತ್ತು. ಅಂಗಿಗೆ ಗುಂಡಿ ಹಾಕುತ್ತೇನೆಂದು ಕೂತು, ಗುಂಡಿಯನ್ನೂ ಕಾಜವನ್ನೂ ಒಟ್ಟಿಗೆ ಸೇರಿಸಿ ಹೊಲಿದು, ಕೊನೆಗೆ ಆ ಅಂಗಿಯನ್ನು ತಲೆಯ ಮೇಲಿಂದ ಇಳಿಸಿಕೊಂಡು ಶಾಲೆಗೆ ಹೋದ ಮನುಷ್ಯ ನಾನು. ಅಂಥವನಿಗೆ ಬೆಳುವಾಯಿಯ ಶಾಲೆಯಲ್ಲಿ ಮಕ್ಕಳಿಗೆ ತಕಲಿಯಿಂದ ನೂಲು ತೆಗೆಯುವುದನ್ನು ಕಲಿಸುವ ಕೆಲಸವೂ ಬಿದ್ದಿತ್ತು. ಮೇಲಿನಿಂದ ಬಂದ ಆದೇಶ, ಇಲ್ಲವೆನ್ನುವ ಹಾಗಿಲ್ಲ. ನಾನು ಕರಿಹಲಗೆಯ ಮೇಲೆ ತಕಲಿಯ ಚಿತ್ರ ಬರೆದು, ಅದರ ಭಾಗಗಳನ್ನೆಲ್ಲ ವಿವರಿಸಿ, ನೂಲು ತೆಗೆದು ತೋರಿಸಬೇಕಾದ ಹೊತ್ತಿಗೆ ಸರಿಯಾಗಿ ಹಾಜರಿ ಪುಸ್ತಕ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದೆ. ಮಕ್ಕಳು ತಾವಾಗಿಯೇ ಕಲಿತರು. ಒಳ್ಳೆಯ ಶಿಕ್ಷಣವೆಂದರೆ ಅದೇ ಎಂದು ಈಗ ಯಾರೋ ಭಾಷಣದಲ್ಲಿ ಹೇಳಿದ್ದನ್ನು ಕೇಳಿ ಸಮಾಧಾನಪಟ್ಟುಕೊಂಡಿದ್ದೇನೆ.

ಐವತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಬೆಳಿಗ್ಗೆ ಪಾಠ ಮಾಡುತ್ತಿದ್ದಾಗ ಕೆಮ್ಮು ಬಂತು. ಕರವಸ್ತ್ರ ತೆಗೆದು ನೋಡಿದರೆ ಕೆಂಪು. ಆ ಕಾಯಿಲೆಯ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಎದೆಯ ತೊಂದರೆ' ಎನ್ನುತ್ತಿದ್ದರು. ಕ್ಷಯ ಎಂದರೆ ಆ ಶಬ್ದವೇ ಹಾರಿ ಬಂದು ಅಂಟಿಕೊಳ್ಳುವುದೋ ಎಂಬ ಭಯ. ನಾಲ್ಕು ವರ್ಷದ ಮಗನನ್ನು ಅದೇ ದಿನ ಹೆಂಡತಿ ಬಂಟ್ವಾಳದಲ್ಲಿದ್ದ ಅವಳ ಅಕ್ಕನ ಮನೆಗೆ ಕಳುಹಿಸಿದಳು. ಅವನು ಬಸ್ಸು ಹತ್ತುವಾಗ ನಾನು ಜಗಲಿಯಲ್ಲೇ ನಿಂತು ಕೈ ಬೀಸಿದೆ. ಮೂಡುಬಿದಿರೆಯಿಂದ ಆಚೆ, ಗೇರುಮರಗಳ ಗುಡ್ಡೆಯ ಮೇಲೆ ಒಂದು ಆಸ್ಪತ್ರೆ ಇತ್ತು. ಅಲ್ಲಿ ಗಂಡಸರ ವಾರ್ಡಿನ ಎಂಟು ಮಂಚಗಳಲ್ಲಿ ಕಿಟಕಿ ಪಕ್ಕದ್ದು ನನ್ನದಾಯಿತು.

ಆ ವಾರ್ಡಿನಲ್ಲಿ ಮಾಡಬಾರದ ಕೆಲಸಗಳೇ ಜಾಸ್ತಿ. ಜೋರಾಗಿ ಮಾತಾಡಬಾರದು, ಬಗ್ಗಬಾರದು, ಅಳಬಾರದು, ಎಲ್ಲಕ್ಕಿಂತ ಮುಖ್ಯವಾಗಿ ನಗಬಾರದು. ನಕ್ಕರೆ ಎದೆಗೆ ಕೆಲಸ ಬೀಳುತ್ತದಂತೆ. ಅಷ್ಟು ಹೇಳಿದ ಮೇಲೆ ಗಂಭೀರವಾಗಿರುವುದು ಎಷ್ಟು ಕಷ್ಟವೆಂದು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಯಾರಿಗಾದರೂ ಗೊತ್ತು. ದಿನಕ್ಕೊಂದು ಇಂಜೆಕ್ಷನ್, ಕಹಿ ಪುಡಿ, ಹಾಲು, ಮತ್ತೆ ಮಲಗುವುದು. ನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ನಮ್ಮ ನರ್ಸು, ನಾವೆಲ್ಲ ಸಿಸ್ಟರ್ ಎಂದು ಕರೆಯುತ್ತಿದ್ದ ಗಟ್ಟಿ ಹೆಂಗಸು, ಹಳೆಯ ಸೀರೆಗಳ ಒಂದು ದೊಡ್ಡ ಗಂಟು ತಂದು ನನ್ನ ಮಂಚದ ಮೇಲೆ ಇಟ್ಟರು.

"ಮಾಸ್ಟ್ರೇ, ನೀವು ನೋಡಿ ನೋಡಿ ಮಾಡಿನ ಹಂಚು ಸವೆದು ಹೋಗ್ತದೆ. ಚಳಿಗಾಲ ಬಂತು, ಹೊದಿಕೆ ಸಾಲುವುದಿಲ್ಲ. ಗೋದಡಿ ಹೊಲಿಯಿರಿ."

"ನನಗೆ ಬರುವುದಿಲ್ಲ ಸಿಸ್ಟರ್."

"ಕಲಿಸುವವರು ಪಕ್ಕದಲ್ಲೇ ಇದ್ದಾರಲ್ಲ!"

ಪಕ್ಕದ ಮಂಚದಲ್ಲಿದ್ದವರು ಮೋನಪ್ಪಣ್ಣ. ಬೆಳ್ತಂಗಡಿಯಲ್ಲಿ ಟೈಲರ್ ಆಗಿದ್ದವರು, ವಯಸ್ಸು ಐವತ್ತರ ಹತ್ತಿರ. ಮೈಯಲ್ಲಿ ಮಾಂಸವೇ ಇರಲಿಲ್ಲ. ಇದ್ದ ಜೀವವೆಲ್ಲ ಬೆರಳುಗಳಿಗೆ ಇಳಿದ ಹಾಗೆ ಕಾಣುತ್ತಿತ್ತು. ಒಂದು ರವಿಕೆಯ ತೋಳು ಕೂದಲೆಳೆಯಷ್ಟು ಆಚೀಚೆಯಾದರೂ ಪೂರ್ತಿ ಬಿಚ್ಚಿ ಹೊಲಿದುಕೊಡುವ ಜಾತಿಯವರು. ಅವರು ಗಂಟು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಯಾವುದು ಒಳಗೆ, ಯಾವುದು ಮೇಲೆ ಎಂದು ಆಗಲೇ ತೀರ್ಮಾನವಾಗಿಬಿಟ್ಟಿತು. ಮೂರು ಪದರ ಹಾಸಿ, ಮೂಲೆಗಳನ್ನು ಟಾಕಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುಹೊಲಿಗೆ ಹಾಕುತ್ತಾ ಹೋಗುವುದು. ಇಷ್ಟೇ ಕೆಲಸ. "ದಾರಿಯಲ್ಲಿ ನಡೆದ ಹಾಗೆ ಮಾಸ್ಟ್ರೇ. ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ." ನಾನು ನಡೆದೆ. ಆದರೆ ಕಳ್ಳಿನ ಗಡಂಗಿನಿಂದ ಮನೆಗೆ ಹೊರಟವನ ಹಾಗೆ ನಡೆದೆ.

ಮೂರನೆಯ ದಿನ ದೊಡ್ಡ ಡಾಕ್ಟರು ಬಂದರು. ಮರ್ಯಾದೆಗೆ ಎದ್ದು ನಿಲ್ಲೋಣವೆಂದು ಎದ್ದೆ. ನನ್ನ ಜೊತೆ ಗೋದಡಿಯೂ ಎದ್ದಿತು. ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯುತ್ತಾ ಹೊಲಿಯುತ್ತಾ ಉಟ್ಟ ಪಂಚೆಯನ್ನೂ ನಾಲ್ಕನೆಯ ಪದರವಾಗಿ ಸೇರಿಸಿಬಿಟ್ಟಿದ್ದೆ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, "ಇವರಿಗೆ ಹಸಿವು ಹೇಗುಂಟು?" ಎಂದು ಸಿಸ್ಟರನ್ನು ಕೇಳಿ ಮುಂದೆ ಹೋದರು. ಉಳಿದ ಏಳೂ ಮಂಚಗಳಲ್ಲಿ ತಲೆದಿಂಬುಗಳು ಬಾಯಿಯ ಮೇಲೆ ಕೂತವು. ಯಾರ ಸದ್ದೂ ಇಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು. ಎಷ್ಟೋ ವಾರಗಳಿಂದ ಗೋಡೆ ನೋಡುತ್ತಾ ಮಲಗಿದ್ದ ಒಬ್ಬರು ಆ ದಿನ ಈ ಕಡೆಗೆ ಮಗ್ಗುಲಾದರು. ನನ್ನ ಕೈಗೆ ವಿದ್ಯೆ ಹತ್ತದಿದ್ದರೂ ವಾರ್ಡಿಗೆ ಅದರಿಂದ ಉಪಕಾರ ಉಂಟು ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ತಪ್ಪಾಯಿತು.

ಯಾಕೆಂದರೆ ಮರುವಾರ ಸೂಜಿ ಕಾಣೆಯಾಯಿತು. ಹೊಲಿದು ಮುಗಿಸಿದ ಎರಡು ಗೋದಡಿಗಳು ಆಗಲೇ ಎರಡು ಮಂಚಗಳನ್ನು ಸೇರಿದ್ದವು. ಸೂಜಿ ಯಾವುದರೊಳಗೆ ಉಂಟೆಂದು ದೇವರಿಗೇ ಗೊತ್ತು. ಅವುಗಳಡಿ ಮಲಗಿದ್ದ ಇಬ್ಬರೂ ಶವಾಸನದ ಪರಿಣತರಂತೆ ಅಲುಗಾಡದೆ ಮಾಡು ನೋಡುತ್ತಿದ್ದರು. ಅಷ್ಟರಲ್ಲಿ ನನಗೆ ಇಂಜೆಕ್ಷನ್ ಕೊಡಲು ಸಿಸ್ಟರ್ ಬಂದರು. ಮಗ್ಗುಲಾಗಿಸಲು ನನ್ನ ಭುಜ ಹಿಡಿದವರೇ ಕೈ ಕೊಡವಿ ಹಿಂದೆ ಸರಿದರು. "ಅಯ್ಯೋ ದೇವರೇ! ಇಡೀ ವಾರ್ಡು ಹುಡುಕುವ ಸೂಜಿ ನಿಮ್ಮ ಕಾಲರಿನಲ್ಲೇ ಉಂಟಲ್ಲ ಮಾಸ್ಟ್ರೇ! ಚುಚ್ಚಲಿಕ್ಕೆ ಬಂದವಳನ್ನೇ ಚುಚ್ಚಿದಿರಲ್ಲ!"

ಈ ಸಲ ಮೋನಪ್ಪಣ್ಣನಿಗೆ ತಲೆದಿಂಬು ಹಿಡಿಯಲು ಪುರಸೊತ್ತಾಗಲಿಲ್ಲ. ಬಾಯಿಬಿಟ್ಟು ನಕ್ಕರು. ಚೆನ್ನಾದ ನಗು, ಅಂಗಡಿಯಲ್ಲಿ ಕೂತು ನಗುತ್ತಿದ್ದದ್ದು ಹಾಗೆಯೇ ಇರಬೇಕು. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲಲಿಲ್ಲ. ಸಿಸ್ಟರ್ ಓಡಿ ಬಟ್ಟಲು ಹಿಡಿಯುವಷ್ಟರಲ್ಲಿ ಮೋನಪ್ಪಣ್ಣನ ಬಿಳಿ ಬನಿಯನ್ ಎದೆಯವರೆಗೆ ಕೆಂಪಾಗಿತ್ತು.

ಅವರು ಹೋಗಲಿಲ್ಲ, ಆ ದಿನ ಹೋಗಲಿಲ್ಲ. ಆದರೆ ಮತ್ತೆ ಎದ್ದು ಕೂರಲು ಇಪ್ಪತ್ತು ದಿನ ಬೇಕಾಯಿತು. ಸೀರೆ, ಸೂಜಿ, ದಾರ ಎಲ್ಲವನ್ನೂ ಸಿಸ್ಟರ್ ಕಟ್ಟಿಕೊಂಡು ಹೋದರು. ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಜನರು ಏನೇನೋ ಮಾಡಿ ಪಾಪ ಕಟ್ಟಿಕೊಳ್ಳುತ್ತಾರೆ. ನಾನು ಕಾಲರಿಗೆ ಸೂಜಿ ಸಿಕ್ಕಿಸಿಕೊಂಡು ಕಟ್ಟಿಕೊಂಡೆ. ಊಟದ ತಟ್ಟೆ ಬಂದಾಗೆಲ್ಲ ಪಕ್ಕದ ಮಂಚದ ತಟ್ಟೆ ಖಾಲಿಯಾಯಿತೇ ಎಂದು ಮೊದಲು ನೋಡುತ್ತಿದ್ದೆ. ಹೆಚ್ಚಾಗಿ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೋನಪ್ಪಣ್ಣನೇ ಸಿಸ್ಟರನ್ನು ಕರೆದು, "ನನ್ನ ಸೂಜಿ ಕೊಡಿ" ಎಂದರು.

"ಸೂಜಿಯೂ ಇಲ್ಲ, ದಾರವೂ ಇಲ್ಲ. ನಿಮಗೆ ನಗು ಬರ್ತದೆ."

"ನಗುವುದಿಲ್ಲ ಸಿಸ್ಟರ್. ಮಗಳಿಗೆ ಏಳು ತಿಂಗಳು. ಚೊಚ್ಚಲು. ನಾನು ಹೋಗಿ ನೋಡುವ ಹಾಗಿಲ್ಲ, ಅವಳು ಇಲ್ಲಿಗೆ ಬರುವ ಹಾಗಿಲ್ಲ. ಮಗುವಿಗೆ ಒಂದು ಸಣ್ಣ ಗೋದಡಿ ಹೊಲಿದು ಕಳಿಸ್ತೇನೆ. ನೀವು ಎಷ್ಟು ಬೇಕಾದರೂ ಕುದಿಸಿ."

ಸಿಸ್ಟರ್ ಒಪ್ಪಿದರು. ಮುಂದಿನ ಆದಿತ್ಯವಾರ ಮೋನಪ್ಪಣ್ಣನ ಹೆಂಡತಿ ಲೀಲಕ್ಕ ಬಂದರು, ಎಲ್ಲರ ಮನೆಯವರಂತೆ ಜಗಲಿಯ ಕಟಕಟೆಯ ಆಚೆ ನಿಂತರು. ಮಗಳು ಗುಲಾಬಿ ಚಿಕ್ಕವಳಿದ್ದಾಗ ಉಟ್ಟ ಲಂಗಗಳನ್ನು ಒಂದು ಚೀಲದಲ್ಲಿ ತಂದಿದ್ದರು. ಎಲ್ಲವೂ ಮೋನಪ್ಪಣ್ಣನೇ ಹೊಲಿದವು. ಅವನ್ನು ಅವರೇ ಬಿಚ್ಚಿ ಚೌಕ ಚೌಕವಾಗಿ ಕತ್ತರಿಸಿದರು. ದಿನಕ್ಕೆ ಅರ್ಧ ಗಂಟೆ ಹೊಲಿಯುತ್ತಿದ್ದರು, ಉಳಿದ ಹೊತ್ತು ಕಣ್ಣು ಮುಚ್ಚಿ ಅದಕ್ಕಾಗಿ ದಣಿವಾರಿಸಿಕೊಳ್ಳುತ್ತಿದ್ದರು. ಆ ಹೊಲಿಗೆಯನ್ನು ನಾನು ಏನೆಂದು ಹೇಳಲಿ, ಇರುವೆಗಳು ಸಾಲು ಕಟ್ಟಿ ಹೋಗುವಾಗಲೂ ಅಷ್ಟು ನೇರವಿರುವುದಿಲ್ಲ.

ಮೂರು ಅಂಚು ಮುಗಿದು ಕೊನೆಯ ಅಂಚು ಬಾಕಿ ಇದ್ದಾಗ ಅವರಿಗೆ ಜ್ವರ ಏರಿತು. ಎರಡು ದಿನ ಕಾದರು. ಆಮೇಲೆ ಸೂಜಿಯನ್ನು ನನ್ನ ಕಡೆಗೆ ಚಾಚಿದರು. "ಮಾಸ್ಟ್ರೇ, ಈ ಒಂದು ಸಾಲು ನೀವು ಹಾಕಿ."

ನಾನು ಎಂಟು ದಿನ ಹಾಕಿದೆ. ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಎಂದು ಬಾಯಿಯಲ್ಲಿ ಹೇಳಿಕೊಂಡೇ ಹಾಕಿದೆ. ಉಸಿರು ಬಿಗಿಹಿಡಿದು, ಪಂಚೆ ದೂರ ಸರಿಸಿ, ಇಷ್ಟು ಜಾಗರೂಕತೆಯಿಂದ ನಾನು ಜೀವನದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿದವನಲ್ಲ. ಮುಗಿಸಿ ಅವರ ಎದೆಯ ಮೇಲೆ ಹರಡಿದೆ. ಮೋನಪ್ಪಣ್ಣ ಅಂಚಿನ ಮೇಲೆ ಬೆರಳು ಹಾಯಿಸಿದರು. ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಒಂದು ಕಡೆ ಗಂಟಿಗೆ ಎಡವಿ ನಿಂತಿತು. "ಚಾರ್ಮಾಡಿ ಘಾಟಿ ಹತ್ತಿದ ಹಾಗಾಯ್ತು ಮಾರಾಯ್ರೆ" ಎಂದರು. ಬಿಚ್ಚಬೇಕೆಂದು ಅವರ ಕೈ ಕತ್ತರಿಯತ್ತ ಹೋದದ್ದನ್ನು ನಾನು ನೋಡಿದೆ. ಎತ್ತಲು ಆಗಲಿಲ್ಲ. "ಇರಲಿ. ಮಗುವಿಗೆ ಎಂತ ಗೊತ್ತಾಗ್ತದೆ" ಎಂದು ಕಣ್ಣು ಮುಚ್ಚಿಕೊಂಡರು. ಗೋದಡಿ ಕುದಿದು, ಬಿಸಿಲಿಗೆ ಒಣಗಿ, ಕಾಗದದಲ್ಲಿ ಸುತ್ತಿಕೊಂಡು ಬೆಳ್ತಂಗಡಿಗೆ ಹೋಯಿತು. ಅದಾಗಿ ಎರಡು ವಾರಕ್ಕೆ ಮೋನಪ್ಪಣ್ಣ ತೀರಿಕೊಂಡರು. ಮೊಮ್ಮಗಳು ಹುಟ್ಟಿದ ಸುದ್ದಿ ತಂದ ಕಾರ್ಡನ್ನು ಸಿಸ್ಟರ್ ಖಾಲಿ ಮಂಚದ ಪಕ್ಕದಲ್ಲಿ ನಿಂತು ನನಗೆ ಓದಿ ಹೇಳಿದರು.

ಬೇಸಗೆಯಲ್ಲಿ ನನ್ನನ್ನು ಮನೆಗೆ ಬಿಟ್ಟರು. ಕಫದಲ್ಲಿ ರೋಗವಿಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಸಹಿ ಹಾಕಿದ ಕಾಗದವೂ ಕೈಯಲ್ಲಿತ್ತು. ಆದರೆ ಕಾಗದವನ್ನು ಹಣೆಗೆ ಅಂಟಿಸಿಕೊಂಡು ತಿರುಗಲಾಗುತ್ತದೆಯೇ? ಶಾಲೆಯಲ್ಲಿ ಮುಂದಿನ ಬೆಂಚು ಎರಡು ಮಾರು ಹಿಂದೆ ಸರಿದಿತ್ತು. ಹೋಟೆಲಿನಲ್ಲಿ ನನ್ನ ಚಾ ಗ್ಲಾಸು ಗೋಡೆಯ ಗೂಡಿನಲ್ಲಿ ಒಂಟಿಯಾಗಿ ನನಗಾಗಿ ಕಾಯುತ್ತಿತ್ತು. ಮಗನನ್ನು ಕರೆತರುವ ಮಾತೆತ್ತಿದರೆ ಹೆಂಡತಿ ನೆಲ ನೋಡುತ್ತಾ, "ಇನ್ನೊಂದು ಸ್ವಲ್ಪ ಸಮಯ ಅಕ್ಕನಲ್ಲೇ ಇರಲಿ" ಎನ್ನುತ್ತಿದ್ದಳು. ಅವಳದು ತಪ್ಪೆಂದು ನಾನು ಹೇಳಲಾರೆ. ಬಂಟ್ವಾಳಕ್ಕೆ ಹೋದಾಗ ಅವನು ಬಾಗಿಲ ಮರೆಯಿಂದ ನನಗೆ ನಮಸ್ಕಾರ ಮಾಡಿದ, ಶಾಲೆಗೆ ಬರುವ ಇನ್‌ಸ್ಪೆಕ್ಟರಿಗೆ ಮಾಡುವ ಹಾಗೆ.

ಆ ವರ್ಷದ ದಸರಾ ರಜೆಯಲ್ಲಿ ಬೆಳ್ತಂಗಡಿಗೆ ಹೋದೆ. ಲೀಲಕ್ಕ ಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿದರು. ಮೂಲೆಯಲ್ಲಿ ಮಗು ಮಲಗಿತ್ತು, ಅದೇ ಗೋದಡಿಯ ಮೇಲೆ. ಪಕ್ಕದಲ್ಲಿ ಗುಲಾಬಿ ಕೂತಿದ್ದಳು. ಬೆರಳು ಥೇಟು ಅಪ್ಪನದು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದ ಮೇಲೆ ಲೀಲಕ್ಕ ಗೋದಡಿಯ ಅಂಚು ಎತ್ತಿ ತೋರಿಸಿದರು.

"ಕಡೆಕಡೆಗೆ ಅವರಿಗೆ ಕೈ ನಿಲ್ಲುತ್ತಿರಲಿಲ್ಲ ಅಂತ ಕಾಣ್ತದೆ, ಅಲ್ವಾ ಮಾಸ್ಟ್ರೇ? ಈ ಒಂದು ಸಾಲು ನೋಡಿ. ಎಷ್ಟು ನಡುಗಿದೆ ಪಾಪ. ಇವಳು ಇದನ್ನು ನೋಡಿದಾಗೆಲ್ಲ ಅಳ್ತಾಳೆ."

ಸುಮ್ಮನಿದ್ದರೆ ತಾಲೂಕಿಗೇ ಒಳ್ಳೆಯ ಟೈಲರು ಮನೆಯವರ ನೆನಪಿನಲ್ಲಿ ಕೈ ನಡುಗುವ ಮುದುಕನಾಗಿ ಉಳಿಯುತ್ತಾರೆ. ಹೇಳಿದರೆ ಇನ್ನೊಬ್ಬ ಕ್ಷಯರೋಗಿಯ ಕೈಯೂ ಇದರಲ್ಲಿ ಆಡಿದೆ ಎಂದಾಗುತ್ತದೆ, ಗೋದಡಿ ನೇರ ಒಲೆಗೆ ಹೋಗಬಹುದು. ಕಾಫಿ ತರುತ್ತೇನೆಂದು ಲೀಲಕ್ಕ ಒಳಗೆ ಹೋದರು. ನಾನು ಗುಲಾಬಿಯ ಕಡೆಗೆ ತಿರುಗಿದೆ.

"ಗುಲಾಬಿ, ಆ ಸಾಲು ನಿನ್ನ ಅಪ್ಪ ಹಾಕಿದ್ದಲ್ಲ. ಅದು ನನ್ನದು."

ಅವಳು ನನ್ನನ್ನೇ ನೋಡಿದಳು. "ಅಪ್ಪನ ಕೈ ನಡುಗುತ್ತಿರಲಿಲ್ಲವಾ?"

"ಇಲ್ಲ ಮಗಾ. ಸೂಜಿ ಹಿಡಿದ ಕೊನೆಯ ದಿನದವರೆಗೂ ನೆಟ್ಟಗೆ ಇತ್ತು. ಇದು ನಾನು ಎಂಟು ದಿನ ಕೂತು ಮಾಡಿದ ಕೆಲಸ."

"ಇದಕ್ಕೆ ಎಂಟು ದಿನವಾ?" ಎಂದಳು. ಎಂದವಳೇ ನಕ್ಕುಬಿಟ್ಟಳು. ನಗುತ್ತಾ ಕಣ್ಣು ಒರೆಸಿಕೊಂಡಳು, ಒರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ಎದ್ದು ಹೋಗಿ ಕತ್ತರಿ, ಸೂಜಿ ತಂದಳು. "ಬೇಸರ ಮಾಡ್ಬೇಡಿ ಮಾಸ್ಟ್ರೇ. ಅಪ್ಪನ ಗೋದಡಿಯಲ್ಲಿ ಇದು ಬೇಡ. ಅವರಾದರೆ ಒಂದು ದಿನ ಇಟ್ಟುಕೊಳ್ಳುತ್ತಿರಲಿಲ್ಲ." ನನಗೆ ಬೇಸರವಾಯಿತು. ಇಷ್ಟು ಹೊತ್ತು ನಾಚಿಕೆಪಡುತ್ತಿದ್ದ ಸಾಲಿನ ಮೇಲೆ ಕತ್ತರಿ ಆಡಿದ ಕೂಡಲೇ ಎಲ್ಲಿಂದ ಬಂತೋ ಅಭಿಮಾನ!

ಹೊಲಿಯಲು ಗೋದಡಿ ಬೇಕಲ್ಲ. ಅವಳು ಮಗುವನ್ನು ಎತ್ತಿದಳು, ಆಚೀಚೆ ನೋಡಿದಳು, ಏನೂ ಯೋಚಿಸದೆ ನನ್ನ ತೊಡೆಯ ಮೇಲೆ ಇಟ್ಟಳು. ವರ್ಷಕ್ಕೂ ಹೆಚ್ಚು ಕಾಲದಿಂದ ನನ್ನ ಹತ್ತಿರ ಯಾರೂ ಒಂದು ಮಗುವನ್ನು ಬಿಟ್ಟಿರಲಿಲ್ಲ. ಎಲ್ಲಿ ಕೈ ಇಡುವುದೆಂದು ತಿಳಿಯಲಿಲ್ಲ. ಡಾಕ್ಟರ ಕಾಗದ ಜೇಬಿನಲ್ಲೇ ಇತ್ತು, ಆದರೂ ಮುಖವನ್ನು ಅಂಗಳದ ಕಡೆಗೆ ತಿರುಗಿಸಿ, ಮೆಲ್ಲಗೆ, ಸಾಲ ಕೇಳುವವನ ಹಾಗೆ ಉಸಿರಾಡಿದೆ. ಮಗು ನಿದ್ದೆಯಲ್ಲೇ ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತು. ಬೆಚ್ಚಗಿತ್ತು. ಓರೆಗಣ್ಣಿನಿಂದ ನೋಡಿದರೆ ಗುಲಾಬಿಯ ಸೂಜಿ ನೀರಿನಲ್ಲಿ ಮೀನು ಹೋದ ಹಾಗೆ ಹೋಗುತ್ತಿತ್ತು. ಕಾಫಿ ಬರುವುದರೊಳಗೆ ಮುಕ್ಕಾಲು ಅಂಚು ಆಗಿಹೋಗಿತ್ತು. ಒಳ್ಳೆಯ ಹೊಲಿಗೆಯನ್ನು ಕಂಡು ನನಗೆ ಸಂಕಟವಾದದ್ದು ಅದೊಂದೇ ಸಲ. ಈ ಹುಡುಗಿಗೂ ನನ್ನಷ್ಟೇ ಕೆಟ್ಟ ಕೈ ಇದ್ದಿದ್ದರೆ ನಾನು ಇನ್ನೂ ಎಂಟು ದಿನ ಆ ಜಗಲಿಯಲ್ಲಿ ಹಾಗೆಯೇ ಕೂತಿರಬಹುದಿತ್ತು.