ಕಿಚ್ಚು ಹಾಯದ ಮೋಟಾರ್ ಸೈಕಲ್ಲು

ಹೊಟ್ಟೆ ತುಂಬಿದಾಗ ಯಾರಿಗೂ ಮಾತು ಕೊಡಬಾರದು. ಹಸಿದವರು ಆಡಿದ ಮಾತಿಗೆ ಲೋಕದಲ್ಲಿ ಮಾಫಿ ಇದೆ. ಪಾಪ, ಹೊಟ್ಟೆಗಿಲ್ಲದೆ ಏನೋ ಅಂದಳು ಎಂದು ಬಿಟ್ಟುಬಿಡುತ್ತಾರೆ. ಉಂಡವರ ಮಾತನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನಾನು ಮಾತು ಕೊಟ್ಟದ್ದು ಪಿತೃಪಕ್ಷದ ಹಬ್ಬದಲ್ಲಿ, ಬಂಡೂರು ಕುರಿಯ ಸಾರಿನ ಜೊತೆ ಎರಡು ಮುದ್ದೆ ಮುಗಿಸಿ, ಮೂರನೆಯದನ್ನು ಬೇಡ ಬೇಡ ಎನ್ನುತ್ತಲೇ ಹಾಕಿಸಿಕೊಂಡ ಮೇಲೆ. ಅಂಥ ಹೊತ್ತಿನಲ್ಲಿ ಮನುಷ್ಯರಿಗೆ ತಮ್ಮ ಕೈಯಲ್ಲಿ ಆಗದ ಕೆಲಸವೇ ಇಲ್ಲ ಅನ್ನಿಸುತ್ತದೆ. ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ಅಲ್ಲೇ ಗುತ್ತಲಿನಲ್ಲಿ ಮನೆ, ಓಡಾಡುವುದಕ್ಕೆ ಒಂದು ಸ್ಕೂಟಿ, ಆ ಸ್ಕೂಟಿಯ ಚಕ್ರಕ್ಕೆ ಗಾಳಿ ಹೊಡೆಸಲು ಗಂಡ. ಇಷ್ಟರಲ್ಲಿ ಸುಖವಾಗಿದ್ದವಳು ಹತ್ತು ಜನರ ಮುಂದೆ, ವರ್ಷಗಟ್ಟಲೆ ನಿಂತುಹೋದ ಒಂದು ಮೋಟಾರ್ ಸೈಕಲ್ಲಿಗೆ ನಾನೇ ಜೀವ ಕೊಡುತ್ತೇನೆ ಎಂದುಬಿಟ್ಟೆ.

ಅದು ನಮ್ಮ ಮಾವನವರ ಗಾಡಿ. ಅತ್ತೆಯ ಊರು ಬೆಳಕವಾಡಿಯ ಹತ್ತಿರ. ಅಲ್ಲಿ ಅತ್ತೆ, ಅವರ ಹಿರಿಯ ಮಗ ಅಂದರೆ ನನ್ನ ಭಾವ, ಅವರ ಸಂಸಾರ, ದನಕರು ಎಲ್ಲ ಒಟ್ಟಿಗೆ ಇದ್ದಾರೆ. ಮಾವ ತೀರಿಕೊಂಡ ದಿನ ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಗಾಡಿ ಆಮೇಲೆ ಅಲ್ಲಿಂದ ಕದಲಿರಲಿಲ್ಲ. ಎರಡು ಸೈಲೆನ್ಸರು, ಬಂಡೂರು ಕುರಿಯ ಹೊಟ್ಟೆಯ ಹಾಗೆ ದುಂಡಗಿನ ಟ್ಯಾಂಕು. ಸೀಟಿನ ಮೇಲೆ ಕೋಳಿ ಕಾವಿಗೆ ಕೂರುತ್ತಿತ್ತು, ಹ್ಯಾಂಡಲ್ಲಿಗೆ ಮೂಗುದಾರ, ಹಗ್ಗ, ಹಳೇ ಲುಂಗಿ ನೇತುಹಾಕುತ್ತಿದ್ದರು. ಹಬ್ಬದ ದಿನ ಉಣ್ಣುತ್ತ ಕೂತಿದ್ದಾಗ ಭಾವ ಈ ವಿಷಯ ತೆಗೆದರು. ಹೊಸ ಹಸು ತರುತ್ತಿದ್ದಾರಂತೆ, ಕಟ್ಟಲು ಜಾಗವಿಲ್ಲವಂತೆ.

"ಅಳೇ ಕಬ್ಣ ಇಟ್ಕಂಡು ಏನ್ ಪೂಜೆ ಮಾಡ್ಬೇಕಾ? ಗುಜ್ರಿಯವ್ನಿಗೆ ಯೋಳ್ಬುಡ್ತೀನಿ" ಅಂದರು.

ಬಡಿಸುತ್ತಿದ್ದ ಅತ್ತೆ ಸೌಟು ಎತ್ತಿ ಹಿಡಿದರು. "ಮುಟ್ಟು ನೋಡಾನ. ಅದರ್ ಮ್ಯಾಲೆ ಕುರಿ ಕೂತದೆ, ಗೊಬ್ಬರದ ಮೂಟೆ ಕೂತದೆ, ಊರ್ನಲ್ಲಿರೋ ಗಂಡಸ್ರೆಲ್ಲ ಕೂತವ್ರೆ. ನಾನೊಬ್ಳು ಕೂತಿಲ್ಲ ಕಣ್ಲಾ. ನಾ ಒಂದ್ಸಲ ಕೂತು ಇಳಿಯೋಗಂಟ ಅದು ಅಲ್ಲಿಂದ ಅಲ್ಲಾಡ್ಕೂಡ್ದು."

ಇದು ನನಗೆ ಹೊಸ ಸುದ್ದಿ. ಮಾವ ಬಂಡೂರಿನಿಂದ ಕುರಿಮರಿಯನ್ನು ಟ್ಯಾಂಕಿನ ಮೇಲೆ ಮಲಗಿಸಿಕೊಂಡು ತರುತ್ತಿದ್ದ ಕಥೆ ಕೇಳಿದ್ದೆ. ಅತ್ತೆಯನ್ನು ಕೂರಿಸಿರಲಿಲ್ಲ ಅನ್ನುವುದು ಗೊತ್ತಿರಲಿಲ್ಲ. ಯಾಕತ್ತೆ ಎಂದು ಕೇಳಿದೆ. "ಎಂಗಸ್ರು ಕೂತ್ರೆ ಗಾಡಿ ವಾಲ್ತದೆ ಅನ್ನೋನು ನಿಮ್ಮಾವ" ಅಂದರು. ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಕುರಿ ಕೂತರೆ ವಾಲದ ಗಾಡಿ ಅತ್ತೆ ಕೂತರೆ ವಾಲುತ್ತದೆಯೇ? "ಸಂಕ್ರಾಂತಿಗೆ ನಾನೇ ಅದನ್ನ ಓಡಿಸಿಕೊಂಡು ಬಂದು ನಿಮ್ಮನ್ನ ಹಿಂದೆ ಕೂರಿಸ್ತೀನಿ, ನೋಡ್ತಿರಿ" ಎಂದೆ. ಭಾವ ತಕ್ಷಣ ಮಾತನ್ನು ಗಂಟು ಹಾಕಿಕೊಂಡರು. "ಸಂಕ್ರಾಂತಿ ದಾಟುದ್ರೆ ಗುಜ್ರಿ ಕಣವ್ವ. ಆಮ್ಯಾಕೆ ಯಾರೂ ಬಾಯ್ ಬುಡ್ಕೂಡ್ದು." ನಮ್ಮ ಯಜಮಾನರು ತಲೆ ಬಗ್ಗಿಸಿ ಮೂಳೆ ಕಡಿಯುತ್ತಿದ್ದರು.

ಗಾಡಿ ಗೂಡ್ಸ್ ಆಟೋದಲ್ಲಿ ಮಲಗಿಕೊಂಡು ಗುತ್ತಲಿಗೆ ಬಂತು. ಯಜಮಾನರು ಇಳಿಸುವಾಗ ಒಂದು ಕೈ ಕೊಟ್ಟು, "ಇಲ್ಲಿಗೆ ನನ್ ಪಾತ್ರ ಮುಗೀತು. ಇದನ್ನ ನಾನು ಮುಟ್ಟಲ್ಲ" ಎಂದು ಪೇಪರು ಹಿಡಿದು ಜಗುಲಿಯ ಮೇಲೆ ಕೂತರು. ನಾನು ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡೆ. ಆ ವಿಡಿಯೋಗಳಲ್ಲಿ ಬಿಳೀ ಕೈಗವಸು ಹಾಕಿಕೊಂಡ ಒಬ್ಬ ಮನುಷ್ಯ ಹತ್ತು ನಿಮಿಷದಲ್ಲಿ ಇಂಜಿನ್ನು ಬಿಚ್ಚಿ, ತೊಳೆದು, ಜೋಡಿಸಿ, ನಗುತ್ತಾನೆ. ಅವನ ಸೈಲೆನ್ಸರಿನಿಂದ ಹುರುಳಿಕಾಳು ಉದುರುವುದಿಲ್ಲ. ನನ್ನ ಸೈಲೆನ್ಸರಿನಲ್ಲಿ ಯಾವುದೋ ಇಲಿ ಮೂರು ಸಾರಿಗೆ ಆಗುವಷ್ಟು ಹುರುಳಿಯನ್ನು ಕೂಡಿಟ್ಟಿತ್ತು. ಒಂದು ಬೋಲ್ಟು ತಿರುಗಿಸಿದರೆ ಇನ್ನೊಂದು ಕಡೆಯ ನಟ್ಟೂ ಜೊತೆಯಲ್ಲೇ ತಿರುಗುತ್ತದೆ, ಅದನ್ನು ಹಿಡಿಯಲು ಎರಡನೆಯ ಸ್ಪ್ಯಾನರು ಬೇಕು ಅನ್ನುವುದು ನನಗೆ ತಿಳಿಯಲು ಒಂದು ಭಾನುವಾರ ಹಿಡಿಯಿತು. ಅಷ್ಟು ಹೊತ್ತೂ ನಾನು ಬಲು ಚೆನ್ನಾಗಿ ಬಿಚ್ಚುತ್ತಿದ್ದೇನೆ ಎಂದೇ ತಿಳಿದಿದ್ದೆ.

ಅಷ್ಟಾದ ಮೇಲೆ ಕಿಕ್ಕರಿನ ಪ್ರಕರಣ. ಎಲ್ಲ ತೊಳೆದು ಒರೆಸಿ, ಇನ್ನು ಸ್ಟಾರ್ಟ್ ಮಾಡೋಣ ಎಂದು ನೋಡಿದರೆ ಗಾಡಿಗೆ ಕಿಕ್ಕರೇ ಇಲ್ಲ. ಬಲಗಡೆ ಇಲ್ಲ, ಎಡಗಡೆ ಒಂದು ಗೇರ್ ಕಡ್ಡಿ, ಅಷ್ಟೇ. ಭಾವ ಅದನ್ನು ಮೊದಲೇ ಗುಜರಿಗೆ ಹಾಕಿ ನನ್ನನ್ನು ಸೋಲಿಸಲು ಹೊರಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಒಂದು ವಾರ ಅವರ ಫೋನಿಗೆ ಸರಿಯಾಗಿ ಮಾತೂ ಆಡಲಿಲ್ಲ. ಮದ್ದೂರಿನಲ್ಲಿ ಹಳೇ ಗಾಡಿಗಳ ಸಾಮಾನು ಸಿಗುತ್ತದೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋಗಿ, ಇದ್ದಬದ್ದ ಅಂಗಡಿಗಳಲ್ಲೆಲ್ಲ ಕಿಕ್ಕರು ಕೇಳಿದೆ. ಒಬ್ಬರು ಗಾಡಿ ಯಾವುದು ಎಂದು ಕೇಳಿ, ನನ್ನ ಮುಖ ನೋಡಿ ಒಳಗೆ ಹೋದರು. ಒಳಗಿನಿಂದ ಇಬ್ಬರು ನಗುವ ಸದ್ದು ಬಂತು. ಬರಿಗೈಯಲ್ಲಿ ಬರಲಾರದೆ ವಡೆ ಕಟ್ಟಿಸಿಕೊಂಡು ಮನೆಗೆ ಬಂದೆ.

ಯಜಮಾನರು ವಡೆ ಮುರಿದು ಬಾಯಿಗೆ ಹಾಕಿಕೊಂಡು ನನ್ನ ಕಥೆಯನ್ನೆಲ್ಲ ಕೇಳಿದರು. ಆಮೇಲೆ ಎದ್ದು, ಪಂಚೆ ಎತ್ತಿ ಕಟ್ಟಿ, ಆ ಗೇರ್ ಕಡ್ಡಿಯನ್ನು ಪಾದದಿಂದ ಒಳಕ್ಕೆ ಅದುಮಿ ಮೇಲಕ್ಕೆ ತಿರುಗಿಸಿದರು. ಅದು ಎದ್ದು ನಿಂತು ಕಿಕ್ಕರಾಯಿತು. ಈ ಗಾಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿಯಂತೆ. ನಮ್ಮ ಸೀಮೆಯಲ್ಲಿ ತಲೆ ನರೆತ ಪ್ರತಿಯೊಬ್ಬರಿಗೂ ಇದು ಗೊತ್ತಂತೆ.

"ಗೊತ್ತಿದ್ದೂ ಯಾಕ್ರೀ ಹೇಳ್ಲಿಲ್ಲ?"

"ನೀನು ಅಂಗಡಿಯವ್ರನ್ನ ಕೇಳ್ದೆ, ನನ್ನ ಕೇಳಿದ್ಯಾ? ಮುಟ್ಟಲ್ಲ ಅಂದಿದ್ದೆ, ಇವತ್ತು ವಡೆ ಋಣಕ್ಕೆ ಮುಟ್ದೆ."

ಡಿಸೆಂಬರ್ ಕೊನೆಯಲ್ಲಿ ಒಂದು ಸಂಜೆ ಗಾಡಿ ಸ್ಟಾರ್ಟ್ ಆಯಿತು. ನಾನು ಕುಣಿದಾಡಿಬಿಟ್ಟೆ; ನಲವತ್ತು ದಾಟಿದ ಟೀಚರಮ್ಮ ಅಂಗಳದಲ್ಲಿ ಕುಣಿದದ್ದನ್ನು ಅದೃಷ್ಟಕ್ಕೆ ಯಾರೂ ನೋಡಲಿಲ್ಲ, ಏಕೆಂದರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ಒಂದು ಕೈ ಮುಂದಾಗಿ ಸುರಿದಿದ್ದೆ. ಬೀದಿ ಪೂರ್ತಿ ಬಿಳೀ ಹೊಗೆ. ಎದುರುಮನೆಯ ಗೌರಮ್ಮನವರು ಮುನಿಸಿಪಾಲಿಟಿಯವರು ಸೊಳ್ಳೆಗೆ ಹೊಗೆ ಬಿಡಲು ಬಂದರೆಂದು ತಿಳಿದು, ಓಡಿಬಂದು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟರು. ಮಾರನೆಯ ದಿನ, "ಈ ಸಲ ಔಷ್ದಿ ಬಾಳ ಸ್ಟ್ರಾಂಗು ಕಣಮ್ಮ, ಒಂದ್ ಸೊಳ್ಳೆ ಇಲ್ಲ" ಎಂದರು. ನಾನು ಹೌದು ಎಂದೆ.

ಹಬ್ಬಕ್ಕೆ ವಾರವಿದ್ದಾಗ ಟ್ಯಾಂಕು ಸೋರತೊಡಗಿತು. ಒಂದು ನಲ್ಲಿಯಿಂದ ತೊಟ್ಟಿ ತುಂಬುತ್ತದೆ, ಇನ್ನೊಂದು ತೂತಿನಿಂದ ಸೋರುತ್ತದೆ, ಹಾಗಾದರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಎಂಬ ಲೆಕ್ಕವನ್ನು ಜೀವಮಾನವೆಲ್ಲ ಹೇಳಿಕೊಟ್ಟಿದ್ದೇನೆ. ಪ್ರತಿ ವರ್ಷವೂ ಯಾವನಾದರೊಬ್ಬ ಹುಡುಗ, "ಮಿಸ್, ತೂತು ಮುಚ್ಚಬಾರದಾ?" ಎಂದು ಕೇಳಿ ಬೈಸಿಕೊಂಡಿದ್ದಾನೆ. ಈಗ ಗೊತ್ತಾಯಿತು, ಮುಚ್ಚುವುದು ಅಷ್ಟು ಸುಲಭವಲ್ಲ. ಪೆಟ್ರೋಲು ನಿಂತ ಟ್ಯಾಂಕಿಗೆ ಬೆಸುಗೆ ಹಾಕುವುದೆಂದರೆ ಬಾಂಬಿಗೆ ಬೆಸುಗೆ ಹಾಕಿದ ಹಾಗೆ ಎಂದು ವೆಲ್ಡಿಂಗಿನವರು ಹಬ್ಬ ಕಳೆದು ಬನ್ನಿ ಅಂದುಬಿಟ್ಟರು. ಕೊನೆಗೆ ಎಲ್ಲೋ ಓದಿದ ಉಪಾಯದಂತೆ ಮೈಸೋಪನ್ನು ನಾದಿ ತೂತಿಗೆ ಮೆತ್ತಿದೆ. ನಿಂತಿತು! ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಹೊರಟೆವು. ನಾನು ಮೋಟಾರ್ ಸೈಕಲ್ಲಿನಲ್ಲಿ ಮುಂದೆ, ಯಜಮಾನರು ನನ್ನ ಸ್ಕೂಟಿಯಲ್ಲಿ ಹಿಂದೆ. "ಬಿದ್ದ ಸಾಮಾನು ಆರಿಸ್ಕೊಳ್ಳೋಕೆ ಒಬ್ರು ಬೇಕಲ್ಲ" ಎಂದಿದ್ದರು. ಮದ್ದೂರಿನಲ್ಲಿ ಎರಡು ಸಲ, ಮಳವಳ್ಳಿಯಲ್ಲಿ ಒಂದು ಸಲ ನಿಂತಿತು. ನಿಂತಲ್ಲೆಲ್ಲ ಗಂಡಸರು ಗುಂಪುಗೂಡಿ, ನನ್ನನ್ನು ಬಿಟ್ಟು ಯಜಮಾನರಿಗೆ ಸಲಹೆ ಕೊಡುತ್ತಿದ್ದರು. ಅವರು ಸ್ಕೂಟಿಯ ಮೇಲೆ ಕೂತೇ, "ಮೆಕಾನಿಕ್ಕು ಅವ್ರು ಸ್ವಾಮಿ, ಅವ್ರನ್ನೇ ಕೇಳಿ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ಮದುವೆಯಾದಾಗಿನಿಂದ ಅವರು ನನಗೆ ಕೊಟ್ಟ ಗೌರವಗಳಲ್ಲಿ ಅದೇ ದೊಡ್ಡದು.

ಊರು ಮುಟ್ಟಿದಾಗ ಬೀದಿಯೇ ಎದ್ದು ಬಂತು. ಭಾವ ಬೆಪ್ಪಾದರು. ಅತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು; ನೇರ ಬಂದು ಟ್ಯಾಂಕಿಗೆ ಅರಿಶಿನ ಕುಂಕುಮ ಹಚ್ಚಿದರು. ನಾನು ಬೀಗಿದೆ. ಎಳ್ಳುಬೆಲ್ಲ ಮೆಲ್ಲುತ್ತ ಮಧ್ಯಾಹ್ನವೆಲ್ಲ ಕೂತು, ಗಾಡಿಯ ಒಂದೊಂದು ಭಾಗವನ್ನೂ ಹೇಗೆ ಸರಿಮಾಡಿದೆ ಎಂದು ಕೊಚ್ಚಿಕೊಂಡೆ. "ಇನ್ನು ಹತ್ತು ವರ್ಷ ಯಾರೂ ಮುಟ್ಟೋ ಹಾಗಿಲ್ಲ" ಎಂದೂ ಅಂದೆ.

ಸಂಜೆಯಾಯಿತು. ನಮ್ಮ ಕಡೆ ಸಂಕ್ರಾಂತಿಯೆಂದರೆ ದನಗಳ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಅದರ ಮೇಲೆ ಎತ್ತು ಹಸುಗಳನ್ನು ಹಾರಿಸುತ್ತಾರೆ. ಕಿಚ್ಚು ಹಾಯಿಸಿದರೆ ದೃಷ್ಟಿ ಹೋಗುತ್ತದೆ, ಪೀಡೆ ಕಳೆಯುತ್ತದೆ. ಹುಲ್ಲು ಹರಡಿದ್ದರು. ನಾನು ಗಾಡಿ ತೆಗೆದು, ಬನ್ನಿ ಅತ್ತೆ, ಕೂತ್ಕೊಳ್ಳಿ ಎಂದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇಷ್ಟ್ ವರ್ಸ ದನಗೊಳ್ ಜೊತೆ ಒಂದೇ ಕೊಟ್ಗೇಲಿ ಇದ್ದುದ್ದು ಇದು. ಇದ್ಕೂ ಕಿಚ್ಚು ಹಾಯಿಸ್ಬೇಕು. ನಾ ಇಂದ್ಗಡೆ ಕೂರ್ತೀನಿ, ನೀ ಬುಡವ್ವ."

ಊರವರು ಹೋ ಎಂದು ಕೇಕೆ ಹಾಕಿದರು. ಹುಲ್ಲಿಗೆ ಬೆಂಕಿ ಬಿತ್ತು. ನನ್ನ ಎದೆಯಲ್ಲಿ ನೀರು ಬಿತ್ತು. ಮೈಸೋಪು ಬಿಸಿಗೆ ಕರಗುತ್ತದೆ ಎಂದು ತಿಳಿಯಲು ಯಾವ ವಿಡಿಯೋ ಬೇಕು? ಹೇಳಿದರೆ ಮಧ್ಯಾಹ್ನದ ಜಂಬವೆಲ್ಲ ಮಣ್ಣುಪಾಲು. ಹೇಳದಿದ್ದರೆ ಹೊಸ ಸೀರೆಯ ಅತ್ತೆಯ ಜೊತೆ ನಾನೂ ಬೂದಿ. ಆ ಸ್ಥಿತಿಯಲ್ಲೂ ನಾನು ಸ್ವಲ್ಪ ಹೊತ್ತು ಯೋಚಿಸಿದೆ ಎಂಬುದು ನನಗೇ ನಾಚಿಕೆಯ ವಿಷಯ. ಯಜಮಾನರು ಹತ್ತಿರ ಬಂದು, "ಪೆಟ್ರೋಲ್ ವಾಸ್ನೆ ಬರ್ತಿದೆ ಕಣೇ" ಎಂದು ಪಿಸುಗುಟ್ಟಿದ ಮೇಲೆ ಬಾಯಿ ಬಂತು.

"ಅತ್ತೆ, ಬೇಡ! ಟ್ಯಾಂಕು ಸೋರ್ತದೆ. ಸೋಪು ಮೆತ್ತಿದೀನಿ."

ಭಾವನ ಮೀಸೆಯ ಕೆಳಗೆ ನಗು ಮೊಳೆಯುವುದು ನನಗೆ ಬೆಂಕಿಯ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಅಲ್ಗೇ ಸೋಪಾ? ನಿಮ್ಮಾವನೂ ಅಲ್ಗೇ ಮೆತ್ತೋನು ಕಣವ್ವ! ಬಚ್ಚಲ್ಮನೇಲಿ ಒಂದ್ ಸೋಪು ಉಳೀತಿರ್ನಿಲ್ಲ. ನಾನು ಕೆಲಸ್ದವ್ರ ಮ್ಯಾಲೆ ಅನ್ಮಾನ ಪಡ್ತಿದ್ದೆ." ಆಮೇಲೆ ಬೆಂಕಿಯನ್ನೊಮ್ಮೆ ನೋಡಿ, "ಅಂಗಾರೆ ಕಿಚ್ಚು ಬ್ಯಾಡ. ನಡಿ, ಕಾಲ್ವೆಗಂಟ ಓಗ್ಬುಟ್ಟು ಬರನ" ಅಂದರು.

ಅತ್ತೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು, ಎರಡೂ ಕೈಯಿಂದ ನನ್ನ ಸೊಂಟವನ್ನು ತಬ್ಬಿಕೊಂಡರು. ಗಾಡಿ ವಾಲಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ತಂಗಾಳಿ. ನನ್ನ ಬೆನ್ನಿಗೆ ಅತ್ತೆಯ ಕೆನ್ನೆ ತಾಗಿತು. ಇಷ್ಟು ವರ್ಷದ ಆಸೆ ನನ್ನ ಕೈಯಿಂದ ತೀರಿತಲ್ಲ ಎಂದು ಕಣ್ಣೀರು ಬಂತು, ಅದರಿಂದ ದಾರಿ ಸರಿಯಾಗಿ ಕಾಣದೆ ಎರಡು ಹಳ್ಳ ಹಾರಿಸಿದೆ. ಕಾಲುವೆ ಸುತ್ತಿ ವಾಪಸು ಬಂದೆವು. ಊರವರು ಸುತ್ತುವರಿದು, "ಎಂಗಿತ್ತವ್ವೋ?" ಎಂದರು.

ಅತ್ತೆ ಇಳಿದು ಸೊಂಟ ನೀವಿಕೊಂಡರು. "ಏನದೆ ಇದ್ರಲ್ಲಿ? ಮೂಳೆಯೆಲ್ಲ ಸಡ್ಲ ಆದೊ. ಅವನು ನನ್ನ ಕೂರ್ಸ್ದೇ ಇದ್ದುದ್ದೇ ವಾಸಿ ಆಯ್ತು. ಗುಜ್ರಿಗೆ ಆಕ್ಬುಡ್ಲಾ ಮಗ."

ಹೀಗೆಂದು ದನಗಳ ಕಡೆ ಹೊರಟರು. ಆದರೆ ದಾರಿಯಲ್ಲಿ ಸಿಕ್ಕ ಒಬ್ಬೊಬ್ಬರನ್ನೂ ನಿಲ್ಲಿಸಿ, "ಕಾಲ್ವೆಗಂಟ ಓಗಿದ್ದೆ ಕಣಮ್ಮಿ, ಗಾಡೀಲಿ" ಎನ್ನುತ್ತಿದ್ದರು. ಭಾವ ಗುಜರಿಯವನಿಗೆ ಹೇಳಲು ಫೋನು ತೆಗೆದರು. ಬೆಳಿಗ್ಗೆ ಮಂಡ್ಯದಿಂದ ದಾರಿಯುದ್ದಕ್ಕೂ ಆ ಗಾಡಿಗೆ ಹಿಡಿಶಾಪ ಹಾಕಿ, ಇವತ್ತೊಂದು ದಿನ ಕಳೆಯಲಿ, ಆಮೇಲೆ ಇದರ ಮುಖ ನೋಡಿದರೆ ಕೇಳು ಎಂದುಕೊಂಡು ಬಂದವಳು ನಾನು. ಆದರೂ ಯಾಕೋ ಹೋಗಿ ಗಾಡಿಗೆ ಅಡ್ಡ ನಿಂತೆ. "ಭಾವ, ಇನ್ನೂ ಟ್ಯಾಂಕು ಸರಿಯಾಗಿಲ್ಲ. ಅರ್ಧ ಕೆಲಸಕ್ಕೆ ಬಿಡೋಳಲ್ಲ ನಾನು" ಎಂದು ಮಾರನೆಯ ದಿನವೇ ಗುತ್ತಲಿಗೆ ವಾಪಸು ತಂದೆ.

ನೋಡಿದವರು ನನ್ನ ಛಲವನ್ನು ಹೊಗಳುತ್ತಾರೆ. ಟ್ಯಾಂಕಿಗೆ ಬೆಸುಗೆಯಾಗಿ ಎಷ್ಟೋ ಕಾಲವಾಯಿತು; ಆದರೂ ಭಾನುವಾರವಾದರೆ ಬೆಳಿಗ್ಗೆಯೇ ಸ್ಪ್ಯಾನರು ಹಿಡಿದು ಅಂಗಳದಲ್ಲಿ ಕೂರುತ್ತೇನೆ. ಕೈಗೆ ಗ್ರೀಸು ಹತ್ತಿದ ಹೆಂಗಸನ್ನು ಯಾರೂ ಅಡಿಗೆಮನೆಗೆ ಕರೆಯುವುದಿಲ್ಲ. ಒಂದು ಸಲ ನನ್ನ ಬಸ್ಸಾರಿಗೆ ಬಿಡಿಭಾಗ ತೊಳೆಯುವ ಸೀಮೆಎಣ್ಣೆಯ ವಾಸನೆ ಬಂದ ಮೇಲಂತೂ ಯಜಮಾನರು ಭಾನುವಾರದ ಅಡಿಗೆಯನ್ನು ಪೂರ್ತಿ ವಹಿಸಿಕೊಂಡಿದ್ದಾರೆ. ಸೊಪ್ಪು ಬಿಡಿಸುವುದರಲ್ಲಿ ಈಗ ನನಗಿಂತ ಚುರುಕು. ಮೊನ್ನೆ ಭಾನುವಾರ ಗಾಡಿ ಒಂದೇ ಒದೆತಕ್ಕೆ ಗುಡುಗಿಕೊಂಡು ಸ್ಟಾರ್ಟ್ ಆಗಿಬಿಟ್ಟಿತು. ಗಾಬರಿಯಾಗಿ ತಟ್ಟನೆ ಆಫ್ ಮಾಡಿ ಒಳಗೆ ಇಣುಕಿದೆ. ದೇವರ ದಯೆ, ಮಿಕ್ಸಿ ತಿರುಗುತ್ತಿತ್ತು. ಅದು ನಿಲ್ಲುವವರೆಗೆ ಕಾದಿದ್ದು, "ರೀ, ಇವತ್ತೂ ಆಗೋ ಹಾಗೆ ಕಾಣಲ್ಲ. ಮುದ್ದೆಗೆ ಎಸರಿಟ್ಟುಬಿಡಿ" ಎಂದು ಕೂಗಿದೆ.