ಬ್ಯಾಟರಿಗೆ ಕೀ ಕೊಟ್ಟವರು

ಗಂಡ: ನೀನೇ ಏನೋ ಮಾಡಿದೀಯ, ಒಪ್ಕೊಂಡುಬಿಡು!

ಹೆಂಡತಿ: ನಾನ್ಯಾಕ್ರೀ ಮಾಡಲಿ? ಆ ಗಾಡಿ ಮುಟ್ಟಿ ಎರಡು ವಾರ ಆಯ್ತು.

ಗಂಡ: ಎರಡು ವಾರದ ಹಿಂದೆ ಯಾಕೆ ಮುಟ್ಟಿದ್ದೆ?

ಹೆಂಡತಿ: ಧೂ... ಧೂಳು ಒರೆಸೋಕೆ!

ಗಂಡ: ದಿನಾ ಧೂಳು ಒರೆಸೋನು ನಾನಲ್ವೇನೇ?

ಹೆಂಡತಿ: ನೀವು ಒರೆಸಿ ಬಿಟ್ಟ ಧೂಳು!

ಗಂಡ ಇನ್ನೊಮ್ಮೆ ಬಟನ್ ಒತ್ತಿದ. ಮೋಟಾರ್‌ಸೈಕಲ್ಲು "ಟಕ್" ಎಂದಿತು. ಮತ್ತೆ ಒತ್ತಿದ. ಮತ್ತೆ "ಟಕ್". ಕಿಕ್ಕರ್ ಇಲ್ಲದ ಗಾಡಿ; ಬ್ಯಾಟರಿ ಕೈಕೊಟ್ಟರೆ ಅದೂ ಒಂದೇ, ಮೂಲೆಯಲ್ಲಿರುವ ಹಳೇ ಬೀರುವೂ ಒಂದೇ. ಇನ್ನು ಸ್ವಲ್ಪ ಹೊತ್ತಿಗೆ ಆ ಗಾಡಿ ಕೊಳ್ಳಲು ಬೇಕರಿಯವರು ಬರುವವರಿದ್ದರು. ಹೆಂಡತಿ ಗೋಡೆಯ ಕಡೆ ತಿರುಗಿ ಒಂದು ಸಲ ಮನಸಾರೆ ನಕ್ಕು, ಮುಖ ಸಪ್ಪಗೆ ಮಾಡಿಕೊಂಡು ಈ ಕಡೆ ತಿರುಗಿದಳು.

ಅಸಲು ವಿಷಯ ಇಷ್ಟು. ಗಂಡ ಗಡಿಯಾರ ರಿಪೇರಿಯವನು. ಎರಡು ವರ್ಷದ ಹಿಂದೆ ಬೀದಿ ಕೊನೆಯ ತಿರುವಿನಲ್ಲಿ ಗಾಡಿ ಸಮೇತ ಉರುಳಿದ ಮೇಲೆ, ಈ ಮನೆಯಲ್ಲಿ ಇನ್ನು ಯಾರೂ ಇದರ ಮೇಲೆ ಕೂರಕೂಡದು ಎಂದು ಅಪ್ಪಣೆ ಹೊರಡಿಸಿದ್ದ. ಹಾಗಂತ ಗಾಡಿಯನ್ನು ಕೈಬಿಡಲಿಲ್ಲ. ದಿನಾ ಬೆಳಿಗ್ಗೆ ಮನೆಯ ಗಡಿಯಾರಗಳಿಗೆಲ್ಲ ಕೀ ಕೊಡುವುದು, ಅದೇ ಕೈಯಲ್ಲಿ ಬಂದು ಗಾಡಿಯ ಬಟನ್ ಒತ್ತುವುದು, ನಿಂತಲ್ಲೇ ಎರಡು ನಿಮಿಷ ಗುಡುಗಿಸುವುದು, ದೀಪ ಹಾಕಿ ನೋಡುವುದು, ಹಾರನ್ ಬಾರಿಸುವುದು, ಆರಿಸುವುದು. ಕೀ ಕೊಟ್ಟ ಗಡಿಯಾರ ಒಂದು ದಿನ ನಡೆಯುವ ಹಾಗೆ, ಆ ಎರಡು ನಿಮಿಷದಲ್ಲಿ ಬ್ಯಾಟರಿ ಒಂದು ದಿನಕ್ಕಾಗುವಷ್ಟು ತುಂಬಿಕೊಳ್ಳುತ್ತದೆ ಎಂದು ಅವನ ಗಟ್ಟಿ ನಂಬಿಕೆ.

ಆದರೆ ಆ ಎರಡು ನಿಮಿಷದಲ್ಲಿ ಬ್ಯಾಟರಿಗೆ ಬರುವುದಕ್ಕಿಂತ ಅದರಿಂದ ಹೋಗುವುದೇ ಹೆಚ್ಚು ಎಂದು ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಹೋದದ್ದನ್ನು ದಿನಾ ಮಧ್ಯಾಹ್ನ ತುಂಬಿಸುತ್ತಿದ್ದವಳು ಅವಳೇ. ಅವಳು ಮನೆಮನೆಗೆ ಪರದೆ ಹೊಲಿದು ಕೊಡುವವಳು. ಗಂಡ ಊಟ ಮುಗಿಸಿ ಅಂಗಡಿಗೆ ಹೊರಟದ್ದೇ ತಡ, ಪರದೆಯ ಸುರುಳಿ ಹಿಂದಿನ ಸೀಟಿಗೆ ಕಟ್ಟಿ, ಹೆಲ್ಮೆಟ್ ಹಾಕಿ, ಊರೆಲ್ಲ ಸುತ್ತಿ ಬರುತ್ತಿದ್ದಳು. ಪರದೆಗಳು ಬಸ್ಸಿನಲ್ಲಿ ಹೋಗುತ್ತವೆ ಎಂದು ಗಂಡ ತಿಳಿದಿದ್ದ.

ಹೇಳಿಬಿಡಬಹುದಿತ್ತು. ಹೇಳಿದರೆ ಅವನು ಅಂಗಡಿಯಲ್ಲಿ ಕೂತು ಪ್ರತಿ ಆಂಬುಲೆನ್ಸ್ ಸದ್ದಿಗೂ ಎದೆ ಹಿಡಿದುಕೊಳ್ಳುತ್ತಾನೆ. ಅವನ ಹೆದರಿಕೆ ಕಂಡರೆ ಅವಳಿಗೆ ಹೆದರಿಕೆ. ಆದರೆ ಗಾಡಿ ಹೋದರೆ ಆ ಮಧ್ಯಾಹ್ನಗಳೂ ಹೋದವು, ಅದನ್ನು ನೆನೆದರೆ ಅಳುವೇ ಬರುತ್ತಿತ್ತು. ಹಾಗಾಗಿ ಯಾರೂ ಓಡಿಸದ ಗಾಡಿ ಮನೆಯಲ್ಲಿ ಯಾಕೆ, ಮಾರುತ್ತೇನೆ ಎಂದು ಗಂಡ ಹೊರಟಾಗ ಅವಳು ಮಾಡಿದ್ದು ಒಂದೇ ಕೆಲಸ: ಏನೂ ಮಾಡದೆ ಸುಮ್ಮನಿದ್ದದ್ದು. ಎರಡು ವಾರ ಪರದೆಗಳು ನಿಜಕ್ಕೂ ಬಸ್ಸಿನಲ್ಲಿ ಹೋದವು. ಉಳಿದದ್ದನ್ನು ಗಂಡನ ಆರೈಕೆಯೇ ನೋಡಿಕೊಂಡಿತು.

ಗಂಡ: ಏನು ಕಮ್ಮಿ ಮಾಡಿದೀನಿ ಹೇಳು ಈ ಬ್ಯಾಟರಿಗೆ? ತುದಿಗಳಿಗೆ ವ್ಯಾಸಲೀನ್ ಹಚ್ಚಿದೀನಿ. ಚಳೀಲಿ ನನ್ನ ತುಟಿ ಒಡೆದು ರಕ್ತ ಬಂದರೂ ಅದಕ್ಕೇ ಹಚ್ಚಿದೀನಿ!

ಹೆಂಡತಿ: ನೋಡಿದೀನಿ. ನನ್ನ ಉಣ್ಣೆ ಶಾಲನ್ನೂ ಹೊದಿಸಿದ್ರಿ.

ಗಂಡ: ಬ್ಯಾಟರಿಗೆ ಶೀತ ಒಗ್ಗಲ್ಲ ಕಣೇ. ನೀನಾದರೆ ಒಂದು ಕಾಫಿ ಕುಡಿದರೆ ಸರಿಹೋಗ್ತೀಯ, ಪಾಪ ಅದು ಏನು ಕುಡಿಯುತ್ತೆ?

ಹೆಂಡತಿ: ಬರೋರಿಗೆ ಇವತ್ತು ಬೇಡ ಅಂತ ಹೇಳಿಬಿಡಿ. ಕೆಟ್ಟ ಗಾಡಿ ಮಾರಿ ಕೆಟ್ಟ ಹೆಸರು ಯಾಕೆ?

ಗಂಡ: ಕೆಟ್ಟ ಗಾಡಿ ಅನ್ಬೇಡ! ಅದು ಕೇಳಿಸ್ಕೊಳ್ಳುತ್ತೆ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಬೇಕರಿಯವರು ಒಳಗೆ ಬಂದರು. ದೊಡ್ಡ ಆಳು, ಮಾತು ಮೆತ್ತಗೆ, ಎರಡು ತೋಳಿನ ಮೇಲೂ ಮೈದಾಹಿಟ್ಟು.

ಬೇಕರಿಯವರು: ಇದೇನಾ ಗಾಡಿ? ಒಂದು ಸಲ ಸ್ಟಾರ್ಟ್ ಮಾಡಿ ಯಜಮಾನರೇ, ಸದ್ದು ಕೇಳೋಣ.

ಹೆಂಡತಿ: ಸದ್ದು ಬರಲ್ಲಣ್ಣಾ! ಬ್ಯಾಟರಿ ಸತ್ತಿದೆ!

ಗಂಡ: ಸತ್ತಿಲ್ಲ! ಸುಸ್ತಾಗಿದೆ. ಮಲಗಿದೆ.

ಬೇಕರಿಯವರು: ನಮ್ಮ ಹಿಟ್ಟೂ ಚಳೀಲಿ ಹೀಗೇ. ಏನು ಮಾಡಿದ್ರೂ ಏಳಲ್ಲ. ಎಷ್ಟು ದಿನದಿಂದ ಓಡಿಸಿಲ್ಲ?

ಗಂಡ: ಎರಡು ವರ್ಷ. ಗೇಟು ದಾಟಿಲ್ಲ.

ಬೇಕರಿಯವರು ಬಗ್ಗಿ ಮೀಟರ್ ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

ಬೇಕರಿಯವರು: ಗೇಟು ದಾಟದೆ ಇಷ್ಟು ಸಾವಿರ ಕಿಲೋಮೀಟರ್ ಹೇಗೆ ಸ್ವಾಮಿ?

ಗಂಡ: ಎಂಜಿನ್ ತಿರುಗಿದರೆ ಮುಳ್ಳು ತಿರುಗಲ್ವೇ? ದಿನಾ ಎರಡು ನಿಮಿಷ. ಹನಿ ಹನಿ ಸೇರಿ ಅಷ್ಟಾಗಿದೆ.

ಬೇಕರಿಯವರು: ನಿಂತಲ್ಲೇ?

ಗಂಡ: ನಿಂತಲ್ಲೇ! ಗಡಿಯಾರ ಏನು ಗೋಡೆ ಬಿಟ್ಟು ಇಳಿದು ಹೋಗುತ್ತಾ? ಆದರೂ ಮುಳ್ಳು ಸುತ್ತುತ್ತಲ್ಲ!

ಬೇಕರಿಯವರಿಗೆ ಇದು ಸರಿ ಅನ್ನಿಸಿತು. ಅವರು ಟೈರಿನ ಮೇಲೆ ಕೈಯಾಡಿಸಿದರು.

ಬೇಕರಿಯವರು: ಟೈರು ಸವೆದಿದೆಯಲ್ಲ?

ಹೆಂಡತಿ: ಇಲಿ!

ಗಂಡ: ಹೌದು, ನಮ್ಮಲ್ಲಿ ಇಲಿ ಕಾಟ ಜಾಸ್ತಿ.

ಬೇಕರಿಯವರು: ಸುತ್ತಲೂ ಒಂದೇ ಸಮ ತಿಂದಿದೆಯಲ್ಲಮ್ಮಾ.

ಹೆಂಡತಿ: ಅಚ್ಚುಕಟ್ಟಾದ ಇಲಿ ಅಣ್ಣಾ.

ಗಂಡ: ಟೈರು ಬಿಡಿ, ಮೈಲೇಜ್ ಕೇಳಿ! ಎರಡು ವರ್ಷದಿಂದ ದಿನಾ ಸ್ಟಾರ್ಟ್ ಮಾಡ್ತಿದೀನಿ, ಒಂದು ತೊಟ್ಟು ಪೆಟ್ರೋಲ್ ಹಾಕಿಸಿಲ್ಲ. ಮುಚ್ಚಳ ತೆಗೆದು ನೋಡಿ.

ಬೇಕರಿಯವರು ನೋಡಿದರು. ಟ್ಯಾಂಕು ಕುತ್ತಿಗೆವರೆಗೂ ತುಂಬಿತ್ತು. ಎರಡು ವಾರದ ಹಿಂದೆ ಕೈಯಾರೆ ತುಂಬಿಸಿದ್ದವಳು ಕಣ್ಣು ಮುಚ್ಚಿಕೊಂಡಳು.

ಬೇಕರಿಯವರು: ಅಯ್ಯಪ್ಪಾ! ಖರ್ಚಾಗೋ ಬದಲು ಹೆಚ್ಚಾಗೋ ಪೆಟ್ರೋಲು! ಸ್ವಾಮಿ, ಇಂಥ ಗಾಡಿ ಲೋಕದಲ್ಲಿ ಇನ್ನೊಂದಿಲ್ಲ. ನಾನು ತಗೊಂಡೇ ತಗೋತೀನಿ.

ಹೆಂಡತಿ: ಬ್ಯಾಟರಿ ಸತ್ತಿದೆ ಅಂತ ಹೇಳಿದ್ನಲ್ಲಣ್ಣಾ!

ಬೇಕರಿಯವರು: ಬ್ಯಾಟರಿ ಏನು ಮಹಾ? ತಳ್ಳಿ ಸ್ಟಾರ್ಟ್ ಮಾಡೋಣ. ಹೇಗೂ ಬೀದಿ ಇಳಿಜಾರಿದೆ.

ಮಾಡಿದ ಉಪಾಯವೆಲ್ಲ ತಿರುಗಿ ತನ್ನ ಕೊರಳಿಗೇ ಬಂತಲ್ಲ ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಗಾಡಿ ಬೀದಿಗೆ ಬಂತು. ಯಾರು ಕೂರುವುದು? ಬೇಕರಿಯವರು ಕೂತರೆ ತಳ್ಳುವವರಿಲ್ಲ. ಗಂಡ ಬಿಸಿ ಹೆಂಚಿನ ಮೇಲೆ ಕೂರುವವನ ಹಾಗೆ ಮೆಲ್ಲಗೆ ಕೂತ. ಎರಡು ಕಾಲೂ ನೆಲಕ್ಕೇ ಊರಿದ್ದ.

ಬೇಕರಿಯವರು: ಕಾಲು ಎತ್ತಿ ಸ್ವಾಮಿ!

ಗಂಡ: ಎತ್ತಿದರೆ ಬೀಳ್ತೀನಲ್ಲಪ್ಪಾ!

ಒಂದು ಸಲ ತಳ್ಳಿದರು. ಗಾಡಿ ಗೇರಿನಲ್ಲೇ ಇರಲಿಲ್ಲ. ಸುಮ್ಮನೆ ಉರುಳಿ ವಿದ್ಯುತ್ ಕಂಬದ ಹತ್ತಿರ ನಿಂತಿತು. ಇನ್ನೊಂದು ಸಲ ತಳ್ಳಿದರು. ಈ ಸಲ ಮೊದಲನೇ ಗೇರು. ಗಾಡಿ ಗಕ್ಕನೆ ನಿಂತು, ಗಂಡ ಟ್ಯಾಂಕನ್ನು ಅಪ್ಪಿಕೊಂಡ. ಹೆಂಡತಿ ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ಸ್ಟಾರ್ಟ್ ಆದರೆ ಗಾಡಿ ಹೋಯಿತು. ಸುಮ್ಮನಿದ್ದರೆ ಉಳಿಯಿತು. ಸುಮ್ಮನಿರಬೇಕು, ಅಷ್ಟೇ.

ಗಂಡ: ಇದು ಆಗೋದಲ್ಲ. ಕ್ಲಚ್ ಪೂರ್ತಿ ಬಿಟ್ಟೇ ತಳ್ಳೋಣ.

ಹೆಂಡತಿ: ಅಯ್ಯೋ, ಕ್ಲಚ್ ಹಿಡಿದು ತಳ್ಳಿಸ್ಕೊಂಡು ಆಮೇಲೆ ಬಿಡಬೇಕು ರೀ!

ಗಂಡ: ನಿನಗೇನು ಗೊತ್ತು?

ಹೆಂಡತಿ: ಪರದೆ ಹಾಕೋಕೆ ಹೋದ ಮನೇಲಿ... ಟಿವೀಲಿ ಬರ್ತಿತ್ತು.

ಗಂಡ: ಟಿವೀಲಿ ನೂರು ತೋರಿಸ್ತಾರೆ. ಮೂರನೇ ಸಲ, ಬೇಕರಿಯವರೇ! ಗೇರು ಒಂದೇ ಇರಲಿ, ಕ್ಲಚ್ ಬಿಟ್ಟಿದೀನಿ, ಬಲವಾಗಿ ತಳ್ಳಿ!

ಗಾಡಿ ಕಿರ್ರೆಂದು ಕಿರುಚಿತು. ಎರಡು ವರ್ಷ ಮಧ್ಯಾಹ್ನ ಮಧ್ಯಾಹ್ನ ತನ್ನನ್ನು ಹೊತ್ತು ತಿರುಗಿದ ಗಾಡಿ ಹಾಗೆ ಕಿರುಚಿದ್ದನ್ನು ಕೇಳಿ ಅವಳಿಗೆ ತಡೆಯಲಾಗಲಿಲ್ಲ.

ಹೆಂಡತಿ: ಇಳೀರಿ ಕೆಳಗೆ! ಇಳೀರಿ ಅಂದ್ರೆ! ಗಾಡಿ ಓಡಿಸ್ತಿದೀರೋ, ಗೋಧಿ ಬೀಸ್ತಿದೀರೋ!

ಗಂಡನನ್ನು ತೋಳು ಹಿಡಿದು ಇಳಿಸಿ ತಾನು ಹತ್ತಿ ಕೂತಳು. ಕೀ ಆನ್, ಎರಡನೇ ಗೇರು, ಕ್ಲಚ್ ಒಳಗೆ. "ತಳ್ಳಿ" ಎಂದಳು. ಇಬ್ಬರೂ ಹಿಂದಿನಿಂದ ತಳ್ಳಿದರು. ವೇಗ ಬಂದದ್ದೇ ಕ್ಲಚ್ ಬಿಟ್ಟಳು. ಗಾಡಿ ಒಂದು ಸಲ ಕೆಮ್ಮಿ ಗುಡುಗಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಕೈ ಕೇಳಬೇಕಲ್ಲ. ಬೀದಿ ಕೊನೆಯ ತಿರುವಿನಲ್ಲಿ ಗಾಡಿಯನ್ನು ಮೆಲ್ಲಗೆ ಓರೆ ಮಾಡಿ ಹೊರಟೇಹೋದಳು.

ಎರಡು ವಾರದ ಮೇಲೆ ಮುಖಕ್ಕೆ ಗಾಳಿ ಬಡಿಯಿತು. ಖುಷಿಯೋ ಖುಷಿ. ಆ ಖುಷಿಯಲ್ಲಿ ಊರಿನ ಅರ್ಧ ಸುತ್ತಿ, ಪರದೆಯ ಗಿರಾಕಿಯೊಬ್ಬರಿಗೆ ಕೈ ಬೀಸಿ, ಆಮೇಲೆ ತಾನು ಮಾಡಿಕೊಂಡದ್ದೇನು ಎಂದು ಹೊಳೆದು, ಅರ್ಧ ಗಂಟೆಯ ಮೇಲೆ ಕಳ್ಳಿಯ ಹಾಗೆ ಮರಳಿ ಬಂದಳು. ಗಂಡಸರಿಬ್ಬರೂ ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

ಗಂಡ: ಎಷ್ಟು ದಿನದಿಂದ?

ಹೆಂಡತಿ: ನೀವು ಓಡಿಸೋದು ಬಿಟ್ಟ ಮಾರನೇ ದಿನದಿಂದ.

ಗಂಡ: ಆ ತಿರುವಲ್ಲೂ?

ಹೆಂಡತಿ: ದಿನಾ.

ಗಂಡ: ಬಿದ್ದಿಲ್ವಾ?

ಹೆಂಡತಿ: ಒಂದೇ ಒಂದು ಸಲ. ಪರದೆ ಮೇಲೆ ಬಿದ್ದೆ, ಮೆತ್ತಗಿತ್ತು.

ಗಂಡ: ಅಂದರೆ ಆ ಮೀಟರು?

ಹೆಂಡತಿ: ನಾನೇ.

ಗಂಡ: ಪೆಟ್ರೋಲು?

ಹೆಂಡತಿ: ನಾನೇ.

ಬೇಕರಿಯವರು: ಇಲಿ?

ಹೆಂಡತಿ: ಅದೂ ನಾನೇ ಅಣ್ಣಾ.

ಗಂಡ: ಮತ್ತೆ ನನ್ನ ಎರಡು ನಿಮಿಷ?

ಅವಳು ಹೇಗೆ ಹೇಳಲಿ ಎಂದು ಒದ್ದಾಡಿ ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಬಟನ್ ಒತ್ತಿದಾಗ ಬ್ಯಾಟರಿ ಕಳೆದುಕೊಂಡದ್ದು ಮತ್ತೆ ತುಂಬಬೇಕಾದರೆ ಗಾಡಿ ಅರ್ಧ ಗಂಟೆಯಾದರೂ ಓಡಬೇಕು. ನಿಂತಲ್ಲಿ ಎರಡು ನಿಮಿಷ ಗುಡುಗಿಸಿದರೆ, ಮೇಲೆ ದೀಪ ಹಾರನ್ನು ಬೇರೆ, ದಿನಾ ಒಂದಿಷ್ಟು ಸೋರಿ ಎರಡು ವಾರಕ್ಕೆ ಖಾಲಿ. ಗಂಡನ ಮುಖ ಇಳಿದುಹೋಯಿತು. ಅವಳಿಗೆ ಅಯ್ಯೋ ಅನ್ನಿಸಿತು. ಬೈದರೂ ಪರವಾಗಿಲ್ಲ, ಈ ಸಪ್ಪೆ ಮುಖ ಮಾತ್ರ ಬೇಡ ಅಂದುಕೊಂಡಳು.

ಬೇಕರಿಯವರು: ನನಗೆ ಅದೆಲ್ಲ ಬೇಡ. ಗಾಡಿ ಗಟ್ಟಿ ಇದೆ ಅಂತ ಗೊತ್ತಾಯ್ತು. ಕೊಡಿ, ಬೇಕರಿ ಮುಂದೆ ಅಂದಕ್ಕೆ ನಿಲ್ಲಿಸ್ತೀನಿ. ಓಡಿಸೋಕೆ ನನಗೂ ಬರಲ್ಲ. ನೀವು ಮಾಡೋ ಹಾಗೇ ದಿನಾ ಬೆಳಿಗ್ಗೆ ಎರಡು ನಿಮಿಷ...

ಗಂಡ: ಎರಡು ನಿಮಿಷಾನಾ?!

ಗಂಡ ಎದ್ದುನಿಂತ.

ಗಂಡ: ಬ್ಯಾಟರಿ ಸಾಯಿಸ್ತೀರೇನ್ರೀ? ಇಷ್ಟು ಹೊತ್ತು ಅವಳು ಹೇಳಿದ್ದು ಕಿವಿಗೆ ಬೀಳಲಿಲ್ವಾ? ಅರ್ಧ ಗಂಟೆ ಓಡಬೇಕು! ಓಡಿಸೋಕೆ ಬರದೇ ಇರೋರಿಗೆ ಗಾಡಿ ಯಾಕೆ?

ಬೇಕರಿಯವರು: ನಿಮಗೂ ಬರಲ್ವಲ್ಲ ಸ್ವಾಮಿ!

ಗಂಡ: ನಮ್ಮನೇಲಿ ಬರೋರಿದಾರೆ! ಮಾರಲ್ಲ, ಹೋಗಿ.

ಬೇಕರಿಯವರು ಇಬ್ಬರನ್ನೂ ಒಂದೊಂದು ಸಲ ನೋಡಿ, ಏನೋ ಗೊಣಗಿಕೊಂಡು ಗೇಟು ತೆಗೆದು ಹೋದರು. ಹೆಂಡತಿ ಇನ್ನೂ ಗಾಡಿ ಆರಿಸಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಗಾಳಿಗೆ ಬಂದದ್ದು ಅಂತ ಹೇಳಿಕೊಳ್ಳಬಹುದಿತ್ತು, ಅವಳು ಹೇಳಿಕೊಳ್ಳಲಿಲ್ಲ.

ಗಂಡ: ಹೆಲ್ಮೆಟ್ ಮರೀಬೇಡ. ತಲುಪಿದ ತಕ್ಷಣ ಅಂಗಡಿಗೆ ಫೋನ್ ಮಾಡು. ತಿರುವಲ್ಲಿ ನಿಧಾನ.

ಹೆಂಡತಿ: ಹೂಂ ರೀ.

ಗಂಡ: ಇನ್ನು ಬೆಳಿಗ್ಗೆ ನಾನು ಆ ಬಟನ್ ಮುಟ್ಟಲ್ಲ ಬಿಡು. ಆ ಚಾಳಿ ಇವತ್ತಿಗೆ ಮುಗೀತು.

ಹೆಂಡತಿ: ಅಯ್ಯೋ ಬೇಡ ಬೇಡ, ಮುಟ್ಟಿ! ದೀಪಾನೂ ಹಾಕಿ, ಹಾರನ್ನೂ ಹೊಡೀರಿ! ನೀವು ಬೆಳಿಗ್ಗೆ ಖಾಲಿ ಮಾಡಿದ್ರೆ ತಾನೇ, ತುಂಬಿಸ್ಕೊಂಡು ಬರ್ತೀನಿ ಅಂತ ಮಧ್ಯಾಹ್ನ ನಾನು ಊರು ಸುತ್ತಬಹುದು!